ಪಾಸ್‌ಪೋರ್ಟ್ ಆಮೇಲೆ, ಹಕ್ಕು ಮೊದಲು: ಐರ್ಲೆಂಡ್‌ಗೆ ಹೋದ ಹೊಸಬರಿಗೆ ಗೊತ್ತಿರಬೇಕಾದ ಕಾನೂನು

2025ರ ಜುಲೈ 19ರ ಸಂಜೆ. ಡಬ್ಲಿನ್‌ನ ಟಾಲಾ ಪ್ರದೇಶದಲ್ಲಿ ನಲವತ್ತು ದಾಟಿದ ಭಾರತೀಯರೊಬ್ಬರ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಅವರು ಐರ್ಲೆಂಡ್‌ಗೆ ಬಂದು ಕೆಲವೇ ವಾರಗಳಾಗಿದ್ದವು. ಬೆನ್ನಿಗೇ ಇನ್ನಷ್ಟು ಹಲ್ಲೆಗಳ ಸುದ್ದಿ ಬಂತು. ವಾಟರ್‌ಫರ್ಡ್‌ನಲ್ಲಿ ಭಾರತ ಮೂಲದ ಆರು ವರ್ಷದ ಹುಡುಗಿಯನ್ನೂ ಬಿಡಲಿಲ್ಲ. ಆಗಸ್ಟ್ 1ರಂದು ಡಬ್ಲಿನ್‌ನ ಭಾರತೀಯ ರಾಯಭಾರ ಕಚೇರಿ ತನ್ನವರಿಗೆ ಎಚ್ಚರಿಕೆಯಿಂದಿರಲು ಹೇಳಿತು. ಆಗಿನ ಅಧ್ಯಕ್ಷ ಮೈಕಲ್ ಡಿ. ಹಿಗಿನ್ಸ್ ಈ ಹಲ್ಲೆಗಳನ್ನು ಖಂಡಿಸಿ ಹೇಳಿಕೆ ಕೊಟ್ಟರು. ಆ ತಿಂಗಳು ನಡೆಯಬೇಕಿದ್ದ ಇಂಡಿಯಾ ಡೇ ಕಾರ್ಯಕ್ರಮವನ್ನು ಮುಂದೂಡಲಾಯಿತು.

ಇತ್ತ ಕರ್ನಾಟಕದಲ್ಲಿ ಫೋನುಗಳು ರಿಂಗಾದವು. ಐಟಿ ಕೆಲಸಕ್ಕೆ, ನರ್ಸಿಂಗ್‌ಗೆ, ಎಂಎಸ್ ಓದಲಿಕ್ಕೆ ಅಂತ ನಮ್ಮವರು ಡಬ್ಲಿನ್, ಕಾರ್ಕ್, ಗಾಲ್ವೆಗೆ ಹೋಗಿದ್ದಾರೆ. ಮನೆಯವರ ಮೊದಲ ಪ್ರಶ್ನೆ "ಹುಷಾರಾಗಿದ್ದೀಯಾ?". ಎರಡನೆಯದು ಸ್ವಲ್ಪ ಗೋಜಲು. ಪೊಲೀಸರಿಗೆ ದೂರು ಕೊಟ್ಟರೆ ವೀಸಾಕ್ಕೆ ತೊಂದರೆ ಆಗುತ್ತಾ? ನಾವು ಆ ದೇಶದವರಲ್ಲ ಅಲ್ವಾ, ನಮ್ಮ ಮಾತು ಯಾರು ಕೇಳ್ತಾರೆ? ಅಲ್ಲಿನ ಪಾಸ್‌ಪೋರ್ಟ್ ಬರುವ ತನಕ ಸುಮ್ನೆ ಇರೋದೇ ವಾಸಿಯಾ?

ಈ ಮೂರೂ ಪ್ರಶ್ನೆಗಳ ಹಿಂದೆ ಒಂದೇ ತಪ್ಪು ತಿಳಿವಳಿಕೆ ಇದೆ. ಹಕ್ಕುಗಳೆಲ್ಲ ಪೌರತ್ವದ ಜೊತೆಗೇ ಬರುತ್ತವೆ ಅನ್ನುವುದು. ಐರ್ಲೆಂಡ್‌ನ ಕಾನೂನು ಹಾಗಿಲ್ಲ.

ಇಲ್ಲಿ ಹೇಳುತ್ತಿರುವುದು ಡಬ್ಲಿನ್ ರಾಜಧಾನಿಯಾಗಿರುವ ಐರ್ಲೆಂಡ್ ಗಣರಾಜ್ಯದ ಬಗ್ಗೆ. ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು. ಅಲ್ಲಿನ ಕಾನೂನು ಬೇರೆ, ಪೊಲೀಸರೂ ಬೇರೆ.

## ಬಾಡಿಗೆ ಮನೆಯ ಲೆಕ್ಕ

ನೀವು ಬಾಡಿಗೆ ಮನೆಯಲ್ಲಿದ್ದೀರಿ ಅಂದುಕೊಳ್ಳಿ. ಎಷ್ಟು ದಿನ ಇರಬಹುದು, ಏನು ಮಾಡಬಹುದು ಅನ್ನುವುದು ಕರಾರು ಪತ್ರದಲ್ಲಿದೆ. ಮನೆ ನಿಮ್ಮದಲ್ಲ, ಮಾರುವ ಹಾಗಿಲ್ಲ. ಆದರೆ ರಾತ್ರಿ ಕಳ್ಳ ನುಗ್ಗಿದರೆ ಪೊಲೀಸರು ಬಂದು "ಕ್ರಯಪತ್ರ ತೋರಿಸಿ" ಅನ್ನುವುದಿಲ್ಲ. ಬೆಂಕಿ ಬಿದ್ದರೆ ಅಗ್ನಿಶಾಮಕದವರು ಖಾತೆ ಯಾರ ಹೆಸರಲ್ಲಿದೆ ಅಂತ ನೋಡುವುದಿಲ್ಲ.

ಐರ್ಲೆಂಡ್‌ನಲ್ಲಿ ಹೊಸಬರ ಸ್ಥಿತಿಯೂ ಹೀಗೇ. ವಾಸದ ಅನುಮತಿ ಅನ್ನುವುದು ಕರಾರು ಪತ್ರ. ಪೌರತ್ವ ಅನ್ನುವುದು ಸ್ವಂತ ಮನೆ. ಅಪರಾಧದಿಂದ ರಕ್ಷಣೆ, ಕೆಲಸದಲ್ಲಿ ನ್ಯಾಯ, ತಾರತಮ್ಯದ ವಿರುದ್ಧ ದೂರು ಇವೆಲ್ಲ ಮನೆ ಯಾರದ್ದು ಅಂತ ನೋಡದೆ ಸಿಗುವ ಸೇವೆಗಳು.

## ಸ್ಟ್ಯಾಂಪ್ ಅಂದರೆ ಏನು?

ಅಲ್ಲಿನ ಭಾರತೀಯರು ಸೇರಿದ ಕಡೆಯೆಲ್ಲ ಕೇಳಿಬರುವ ಮಾತು "ನಿಂದು ಯಾವ ಸ್ಟ್ಯಾಂಪು?". ಅಂಚೆ ಚೀಟಿಯ ವಿಷಯವಲ್ಲ. ವಾಸದ ಅನುಮತಿಯಲ್ಲಿ ಹಲವು ಬಗೆ ಇವೆ, ಪ್ರತಿಯೊಂದಕ್ಕೂ ಒಂದು ನಂಬರ್. ಅದು ಐಆರ್‌ಪಿ ಕಾರ್ಡ್ ಎಂಬ ಗುರುತಿನ ಚೀಟಿಯಲ್ಲಿ ಇರುತ್ತದೆ. ಮೂರು ತಿಂಗಳಿಗಿಂತ ಜಾಸ್ತಿ ಇರಲು ಹೋದ ಭಾರತೀಯರು ಬಂದ 90 ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. ಕಾರ್ಡಿಗೆ ಶುಲ್ಕ 300 ಯೂರೊ.

ಸ್ಟ್ಯಾಂಪ್ 1 ಅಂದರೆ ಕೆಲಸದ ಪರ್ಮಿಟ್ ಮೇಲೆ ಬಂದವರು. ಸ್ಟ್ಯಾಂಪ್ 2 ವಿದ್ಯಾರ್ಥಿಗಳದ್ದು. ಅವರು ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ, ನಿಗದಿಯಾದ ರಜೆಯ ಅವಧಿಯಲ್ಲಿ 40 ಗಂಟೆ ದುಡಿಯಬಹುದು. ಓದು ಮುಗಿಸಿ ಕೆಲಸ ಹುಡುಕುವವರಿಗೆ 1ಜಿ. ಎಲ್ಲರೂ ಕಾಯುವುದು ಸ್ಟ್ಯಾಂಪ್ 4ಕ್ಕೆ. ಅದು ಕೈಗೆ ಬಂದರೆ ಪರ್ಮಿಟ್ ಬೇಡ, ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಹುದು. ಸಾಫ್ಟ್‌ವೇರ್‌ನಂಥ, ದೇಶಕ್ಕೆ ಜನ ಸಾಲದ ಕೆಲಸಗಳಿಗೆ 'ಕ್ರಿಟಿಕಲ್ ಸ್ಕಿಲ್ಸ್' ಪರ್ಮಿಟ್ ಕೊಡುತ್ತಾರೆ. ಅದರ ಮೇಲೆ ಹೋದವರಿಗೆ ಸುಮಾರು ಎರಡು ವರ್ಷಕ್ಕೆ ಸ್ಟ್ಯಾಂಪ್ 4 ಸಿಗುತ್ತದೆ. ಸಾಮಾನ್ಯ ಪರ್ಮಿಟ್‌ನವರು ಹತ್ತಿರ ಹತ್ತಿರ ಐದು ವರ್ಷ ಕಾಯಬೇಕು.

## ಕೆಲಸ, ಬಾಡಿಗೆ: ಮಾಲೀಕರು ಹೆದರಿಸುವ ಜಾಗ

"ಕೆಲಸ ಹೋದರೆ ಮರುದಿನವೇ ದೇಶ ಬಿಡಬೇಕು" ಅಂತ ಹೆದರಿಸುವವರಿದ್ದಾರೆ. ಇದು ನಿಜವಲ್ಲ. ಕಂಪನಿಯಲ್ಲಿ ಹುದ್ದೆಯೇ ರದ್ದಾಗಿ ಪರ್ಮಿಟ್ ಇದ್ದವರ ಕೆಲಸ ಹೋದರೆ ನಾಲ್ಕು ವಾರಗಳೊಳಗೆ ಸಂಬಂಧಪಟ್ಟ ಇಲಾಖೆಗೆ ತಿಳಿಸಬೇಕು. ಹಾಗೆ ತಿಳಿಸಿದವರಿಗೆ ಹೊಸ ಕೆಲಸ ಹುಡುಕಲು ಆರು ತಿಂಗಳ ಅವಕಾಶ ಇದೆ. 2024ರ ಸೆಪ್ಟೆಂಬರ್‌ನಿಂದ ಇನ್ನೊಂದು ಅನುಕೂಲ ಆಗಿದೆ. ಮೊದಲ ಕಂಪನಿಯಲ್ಲಿ ಒಂಬತ್ತು ತಿಂಗಳು ಕಳೆದ ಮೇಲೆ, ಅದೇ ಬಗೆಯ ಕೆಲಸ ಕೊಡುವ ಬೇರೆ ಕಂಪನಿಗೆ ಹೋಗಬಹುದು. ಅದಕ್ಕೆ ಅನುಮತಿ ಕೇಳಬೇಕು. ಆದರೆ ಪೂರಾ ಹೊಸ ಪರ್ಮಿಟ್ ಬೇಕಿಲ್ಲ.

ನೌಕರರ ಪಾಸ್‌ಪೋರ್ಟನ್ನು ಮಾಲೀಕರು ತಮ್ಮ ಬಳಿ ಇಟ್ಟುಕೊಳ್ಳುವುದು ಅಪರಾಧ. "ನಿನ್ನನ್ನು ಕರೆಸಿಕೊಳ್ಳಲು ಖರ್ಚಾಯಿತು" ಅಂತ ಸಂಬಳದಲ್ಲಿ ಹಿಡಿಯುವ ಹಾಗೂ ಇಲ್ಲ. ಎರಡನ್ನೂ 2006ರ ಪರ್ಮಿಟ್ ಕಾಯ್ದೆಯೇ ನಿಷೇಧಿಸಿದೆ.

ಬಣ್ಣ, ದೇಶ, ಧರ್ಮದ ಕಾರಣಕ್ಕೆ ಬಡ್ತಿ ತಪ್ಪಿದರೆ? ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಬಾಡಿಗೆ ಮನೆ ಕೇಳಿದಲ್ಲಿ "ನಿಮಗಿಲ್ಲ" ಅಂದರೆ? ಇದು ಪೊಲೀಸ್ ಕೇಸ್ ಅಲ್ಲ, ತಾರತಮ್ಯದ ದೂರು. ಅದಕ್ಕೆ ವರ್ಕ್‌ಪ್ಲೇಸ್ ರಿಲೇಶನ್ಸ್ ಕಮಿಷನ್ ಇದೆ. ಎಲ್ಲರೂ ಡಬ್ಲ್ಯುಆರ್‌ಸಿ ಅನ್ನುತ್ತಾರೆ. ವಕೀಲರಿಲ್ಲದೆಯೂ ಅಲ್ಲಿ ದೂರು ಹಾಕಬಹುದು. ದಿನಗಳ ಲೆಕ್ಕ ಮಾತ್ರ ಬಿಗಿ. ಘಟನೆಯಾದ ಆರು ತಿಂಗಳೊಳಗೆ ದೂರು ಹೋಗಬೇಕು. ಅಂಗಡಿ, ಮನೆ, ಸೇವೆಗಳ ವಿಷಯವಾದರೆ ಅದಕ್ಕೂ ಮೊದಲು, ಎರಡು ತಿಂಗಳೊಳಗೆ, ಎದುರು ಪಾರ್ಟಿಗೇ ಬರಹದಲ್ಲಿ ತಿಳಿಸಿರಬೇಕು. ಬೇಸರದಲ್ಲಿ ಕೂತು ಮೂರನೇ ತಿಂಗಳಿಗೆ ಎದ್ದರೆ ಕೇಸು ಅಲ್ಲಿಗೇ ಬಿದ್ದುಹೋಗಬಹುದು.

ಬಾಡಿಗೆಯ ಬಗ್ಗೆ ಒಂದೇ ಮಾತು. ಸಾಮಾನ್ಯ ಬಾಡಿಗೆದಾರರಿಂದ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. ಅದರ ಮೇಲೆ ಒಂದು ತಿಂಗಳ ಮುಂಗಡ, ಅಷ್ಟೇ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದು ಸುಖದ ಸುದ್ದಿ. ಬಾಡಿಗೆ ಎಷ್ಟು ಅಂತ ಕೇಳುವ ತನಕ.

## ದ್ವೇಷ ಅಪರಾಧ ಅಂದರೆ ಯಾವುದು?

ನಮ್ಮಲ್ಲಿ ದಲಿತರ ಮೇಲಿನ ದೌರ್ಜನ್ಯ ತಡೆಯಲು 1989ರ ಕಾಯ್ದೆ ಇದೆ. ಹೊಡೆದಾಟ ಯಾವಾಗಲೂ ಅಪರಾಧವೇ. ಆದರೆ ಜಾತಿಯ ಕಾರಣಕ್ಕೆ ಹೊಡೆದರೆ ಕಾನೂನು ಅದನ್ನು ಬೇರೆಯಾಗಿ, ಜಾಸ್ತಿ ಗಂಭೀರವಾಗಿ ನೋಡುತ್ತದೆ. ಯಾಕೆ? ಏಟು ಒಬ್ಬರಿಗೆ ಬಿದ್ದರೂ ಹೆದರಿಕೆ ಇಡೀ ಕೇರಿಗೆ ಹರಡುತ್ತದೆ. ಐರ್ಲೆಂಡ್‌ನ ದ್ವೇಷ ಅಪರಾಧ ಕಾನೂನಿನ ಹಿಂದಿರುವುದೂ ಇದೇ ಯೋಚನೆ. ಎರಡು ಕಾಯ್ದೆಗಳ ರಚನೆ ಬೇರೆ ಬೇರೆ, ತಿರುಳು ಹತ್ತಿರದ್ದು.

ಅಚ್ಚರಿಯೆಂದರೆ ಐರ್ಲೆಂಡ್‌ಗೆ ಇಂಥ ಕಾನೂನು ಬಂದಿದ್ದು ತೀರಾ ಈಚೆಗೆ. 2024ರ ಡಿಸೆಂಬರ್ 31ರಂದು ಜಾರಿಗೆ ಬಂತು. ಹೆಸರು ಕ್ರಿಮಿನಲ್ ಜಸ್ಟಿಸ್ (ಹೇಟ್ ಅಫೆನ್ಸಸ್) ಆ್ಯಕ್ಟ್ 2024. ಅಲ್ಲಿಯವರೆಗೆ ಇದ್ದಿದ್ದು 1989ರ ಒಂದು ಕಾನೂನು ಮಾತ್ರ. ಅದು ದ್ವೇಷ ಕೆರಳಿಸುವ ಮಾತು, ಬರಹಕ್ಕೆ ಸಂಬಂಧಪಟ್ಟಿದ್ದು. ಅದನ್ನೂ ಬದಲಿಸುವ ಯೋಚನೆ ಸರ್ಕಾರಕ್ಕಿತ್ತು. ವಾಕ್ ಸ್ವಾತಂತ್ರ್ಯದ ದೊಡ್ಡ ಜಗಳವಾಗಿ ಆ ಭಾಗವನ್ನು ಕೈಬಿಟ್ಟರು. ಹಾಗಾಗಿ ಮಾತಿಗೆ ಹಳೇ ಕಾನೂನು, ಕೃತ್ಯಕ್ಕೆ ಹೊಸದು.

ಹೊಸ ಕಾನೂನು ಕೆಲಸ ಮಾಡುವ ರೀತಿ ಹೀಗಿದೆ. ಮೊದಲು ಒಂದು ಅಪರಾಧ ನಡೆದಿರಬೇಕು. ಹಲ್ಲೆ, ಬೆದರಿಕೆ, ಬಿಡದೆ ಕಾಡುವುದು, ಆಸ್ತಿ ಹಾಳುಮಾಡುವುದು ಇಂಥದ್ದು. ಅದರ ಹಿಂದೆ ದ್ವೇಷ ಇತ್ತು ಅಂತ ಸಾಬೀತಾದರೆ ಗರಿಷ್ಠ ಶಿಕ್ಷೆ ಏರುತ್ತದೆ. ಬಣ್ಣ, ಜನಾಂಗ, ದೇಶ, ಧರ್ಮ, ಮೂಲ, ಲಿಂಗ, ಲೈಂಗಿಕ ಒಲವು, ಅಂಗವೈಕಲ್ಯ ಇವು ಕಾನೂನು ಹೆಸರಿಸಿರುವ ಕಾರಣಗಳಲ್ಲಿ ಮುಖ್ಯವಾದವು. ಮನಸ್ಸಿನೊಳಗಿನ ದ್ವೇಷವನ್ನು ಸಾಬೀತು ಮಾಡೋದು ಹೇಗೆ ಅಂತ ಕೇಳಬಹುದು. ಕಾನೂನು ಎರಡು ದಾರಿ ಇಟ್ಟಿದೆ. ಅಪರಾಧಕ್ಕೆ ಪ್ರೇರಣೆಯೇ ದ್ವೇಷ ಅಂತ ತೋರಿಸಬಹುದು. ಇಲ್ಲವೇ ಅಪರಾಧದ ಹೊತ್ತಿನಲ್ಲಿ, ಅಥವಾ ಅದಕ್ಕೆ ತುಸು ಮುಂಚೆ, ತುಸು ಆಮೇಲೆ, ದ್ವೇಷ ಹೊರಗೆ ಕಂಡಿತು ಅಂತ ತೋರಿಸಬಹುದು. "ನಿಮ್ಮ ದೇಶಕ್ಕೆ ಹೋಗಿ" ಅಂತ ಕೂಗುತ್ತ ಹೊಡೆದಿದ್ದರೆ ಆ ಕೂಗೂ ಸಾಕ್ಷಿ. ಏನು ಅಂದರು ಅನ್ನುವುದನ್ನು ಮರೆಯುವ ಮುಂಚೆ ಬರೆದಿಡಬೇಕಾಗಿರುವುದು ಇದಕ್ಕೇ.

ನಿಮ್ಮನ್ನು ಬೇರೆ ದೇಶದವರು, ಬೇರೆ ಧರ್ಮದವರು ಅಂತ ತಪ್ಪು ತಿಳಿದು ಹೊಡೆದರೂ ಕಾನೂನು ಅನ್ವಯವಾಗುತ್ತದೆ. ಹೊಡೆದವನ ಊಹೆ ತಪ್ಪಾಯಿತು ಅಂತ ಅಪರಾಧ ಸಣ್ಣದಾಗುವುದಿಲ್ಲ.

ಹಾಗಾದರೆ ಬಸ್ಸಿನಲ್ಲಿ ಯಾರೋ ಗುರುಗುಟ್ಟಿದರೆ, ಮುಖ ಸಿಂಡರಿಸಿ ಎದ್ದು ಹೋದರೆ? ಅದು ಅವಮಾನ, ನಿಜ. ಅಪರಾಧ ಆಗಲಿಕ್ಕಿಲ್ಲ. ಇಂಥವನ್ನು ಪೊಲೀಸರು ದ್ವೇಷದ 'ಅಪರಾಧ' ಅನ್ನದೆ ದ್ವೇಷದ 'ಘಟನೆ' ಅಂತ ದಾಖಲಿಸುತ್ತಾರೆ. ಕೇಸಾಗದಿದ್ದರೆ ದಾಖಲೆ ಯಾಕೆ? ಒಂದೇ ಬಸ್ ಸ್ಟಾಪಿನಲ್ಲಿ ಹತ್ತು ಘಟನೆ ಬರಹದಲ್ಲಿದ್ದರೆ ಪೊಲೀಸರು ಅಲ್ಲಿ ಗಸ್ತು ಹಾಕಲು ಕಾರಣ ಸಿಗುತ್ತದೆ. 2024ರಲ್ಲಿ ಎರಡೂ ಸೇರಿ ದಾಖಲಾದದ್ದು 676. ನಡೆದದ್ದು ಇಷ್ಟೇ ಅಂತ ಅಲ್ಲಿನ ಸಂಘಟನೆಗಳು ನಂಬುವುದಿಲ್ಲ, ಏಕೆಂದರೆ ಎಷ್ಟೋ ಜನ ಹೇಳಿಕೊಳ್ಳುವುದೇ ಇಲ್ಲ.

## ಏಟು ಬಿದ್ದ ಮೇಲೆ

ಅಲ್ಲಿನ ಪೊಲೀಸರಿಗೆ ಗಾರ್ಡಾ ಅನ್ನುತ್ತಾರೆ. ಅಪಾಯ ಕಣ್ಣೆದುರೇ ಇದ್ದರೆ 999 ಅಥವಾ 112. ಎರಡೂ ಒಂದೇ ಕಡೆ ಹೋಗುತ್ತವೆ. ಆಮೇಲೆ ದೂರು ಕೊಡುವುದಾದರೆ ಯಾವುದೇ ಗಾರ್ಡಾ ಠಾಣೆಗೆ ಹೋಗಬಹುದು. ದ್ವೇಷ ಅಪರಾಧವನ್ನು ಅವರ ವೆಬ್‌ಸೈಟ್ ಮೂಲಕವೂ ತಿಳಿಸಬಹುದು. ಈ ಸೌಲಭ್ಯ 2021ರಿಂದ ಇದೆ.

ಠಾಣೆಯಲ್ಲಿ ಒಂದು ವಾಕ್ಯ ಬಹಳ ಮುಖ್ಯ: "ಇದು ದ್ವೇಷದಿಂದ ಮಾಡಿದ್ದು ಅಂತ ನನಗೆ ಅನ್ನಿಸುತ್ತದೆ." ಗಾರ್ಡಾ ನಿಯಮದ ಪ್ರಕಾರ, ಏಟು ತಿಂದವರಿಗೋ ನೋಡಿದವರಿಗೋ ಹಾಗೆ ಅನ್ನಿಸಿದರೆ ಸಾಕು, ಅದನ್ನು ಹಾಗೇ ದಾಖಲಿಸಬೇಕು. ಆ ಹಂತದಲ್ಲಿ ನೀವು ಏನನ್ನೂ ಸಾಬೀತು ಮಾಡಬೇಕಿಲ್ಲ. ಸಾಬೀತಿನ ಮಾತು ಕೋರ್ಟಿನಲ್ಲಿ. ಹೇಳದೆ ಬಿಟ್ಟರೆ ಅದು ಬರೀ ಹಲ್ಲೆಯಾಗಿ ಕಂಪ್ಯೂಟರಿಗೆ ಹೋಗಿಬಿಡಬಹುದು.

ಅವರ ಕಂಪ್ಯೂಟರ್ ವ್ಯವಸ್ಥೆಗೆ ಪಲ್ಸ್ ಅಂತ ಹೆಸರು. ಪಲ್ಸ್ ನಂಬರ್ ಕೇಳಿ ಪಡೆಯಿರಿ. ನಮ್ಮ ಎಫ್‌ಐಆರ್ ನಂಬರಿನ ಹಾಗೆ, ಮುಂದೆ ವಿಚಾರಿಸುವಾಗಲೆಲ್ಲ ಅದು ಬೇಕು. ಗಾಯದ ಫೋಟೊ, ಹರಿದ ಬಟ್ಟೆ, ಆಸ್ಪತ್ರೆ ಚೀಟಿ ಇಟ್ಟುಕೊಳ್ಳಿ. ಹತ್ತಿರದಲ್ಲಿ ಅಂಗಡಿ, ಬಸ್ಸು, ಲುವಾಸ್ ಟ್ರಾಮ್ ಇದ್ದಿದ್ದರೆ ಗಾರ್ಡಾಗೆ ಬೇಗ ಹೇಳಿ. ಸಿಸಿಟಿವಿ ದೃಶ್ಯ ಬಹಳ ದಿನ ಉಳಿಯುವುದಿಲ್ಲ. ವಿಡಿಯೊ ಸಿಕ್ಕ ತಕ್ಷಣ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವ ಆತುರ ನಮ್ಮವರಿಗೆ ಸ್ವಲ್ಪ ಜಾಸ್ತಿ. ಮೊದಲು ಗಾರ್ಡಾಗೆ ಕೊಡಿ.

2017ರ ಸಂತ್ರಸ್ತರ ಕಾಯ್ದೆ ನಿಮಗೆ ಕೆಲವು ಹಕ್ಕು ಕೊಡುತ್ತದೆ. ದೂರು ಸ್ವೀಕರಿಸಿದ್ದಕ್ಕೆ ಬರಹದಲ್ಲಿ ಉತ್ತರ ಸಿಗಬೇಕು. ಕೇಸು ಎಲ್ಲಿಗೆ ಬಂತು ಅಂತ ತಿಳಿಸಬೇಕು. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಕೇಳಬಹುದು, ನೀವು ದುಡ್ಡು ಕೊಡಬೇಕಿಲ್ಲ. ಮಗನ ಮನೆಗೆ ಬಂದ ಅಪ್ಪ ಅಮ್ಮಂದಿರಿಗೆ ಇದು ದೊಡ್ಡ ವಿಷಯ. ಪಾರ್ಕಿನಲ್ಲಿ ಒಬ್ಬರೇ ವಾಕಿಂಗ್ ಹೋಗುವವರು ಅವರೇ ತಾನೆ?

ವೀಸಾದ ಭಯಕ್ಕೆ ಬರೋಣ. ಈ ಕಾಯ್ದೆಗೆ ಆಧಾರ 2012ರ ಯೂರೋಪಿಯನ್ ಒಕ್ಕೂಟದ ಒಂದು ನಿರ್ದೇಶನ. ಸಂತ್ರಸ್ತರ ಹಕ್ಕುಗಳು ವಾಸದ ಸ್ಥಿತಿಯನ್ನೋ ಪೌರತ್ವವನ್ನೋ ಅವಲಂಬಿಸಿಲ್ಲ ಅಂತ ಅದು ಬಿಡಿಸಿ ಹೇಳುತ್ತದೆ. ಪೌರತ್ವದ ಅರ್ಜಿಯಲ್ಲಿ 'ಒಳ್ಳೆಯ ನಡತೆ' ನೋಡುತ್ತಾರೆ, ಹೌದು. ಅಲ್ಲಿ ನೋಡುವುದು ನೀವು ಮಾಡಿದ ತಪ್ಪುಗಳನ್ನು. ನಿಮ್ಮ ಮೇಲೆ ನಡೆದ ತಪ್ಪನ್ನು ತಿಳಿಸುವುದು ಕೆಟ್ಟ ನಡತೆಯಾಗುವುದಿಲ್ಲ.

ಪೊಲೀಸ್ ಅಂದರೇ ಹಿಂಜರಿಯುವವರಿಗೆ ಬೇರೆ ಬಾಗಿಲುಗಳಿವೆ. ಕ್ರೈಮ್ ವಿಕ್ಟಿಮ್ಸ್ ಹೆಲ್ಪ್‌ಲೈನ್ 116 006, ಕರೆ ಉಚಿತ. ಐರಿಷ್ ನೆಟ್‌ವರ್ಕ್ ಅಗೇನ್ಸ್ಟ್ ರೇಸಿಸಂ ಎಂಬ ಒಕ್ಕೂಟ ಐರಿಪೋರ್ಟ್ ಅನ್ನುವ ಜಾಲತಾಣ ನಡೆಸುತ್ತದೆ. ಹೆಸರು ಹೇಳದೆಯೂ ಅಲ್ಲಿ ಘಟನೆ ದಾಖಲಿಸಬಹುದು. ಆದರೆ ಅದು ಪೊಲೀಸ್ ದೂರಲ್ಲ, ಅಲ್ಲಿ ಬರೆದರೆ ಆರೋಪಿಯ ಮನೆಗೆ ಯಾರೂ ಹೋಗುವುದಿಲ್ಲ. ಇಮಿಗ್ರಂಟ್ ಕೌನ್ಸಿಲ್ ಆಫ್ ಐರ್ಲೆಂಡ್ ಕಾನೂನು ಸಲಹೆ ಕೊಡುತ್ತದೆ. ಗಾರ್ಡಾಗಳೇ ಸರಿಯಾಗಿ ನಡೆದುಕೊಳ್ಳದಿದ್ದರೆ ಫಿಯೊಸ್ರೂ ಎಂಬ ಸ್ವತಂತ್ರ ಕಚೇರಿಗೆ ದೂರಬಹುದು. ಇದು 2025ರ ಏಪ್ರಿಲ್‌ನಲ್ಲಿ ಹಳೆಯ ಸಂಸ್ಥೆಯ ಜಾಗಕ್ಕೆ ಬಂದದ್ದು.

"ಹೊಡೆದವರು ಹದಿನೈದು ವರ್ಷದ ಹುಡುಗರು, ಏನೂ ಆಗಲಿಲ್ಲ" ಅನ್ನುವ ಸಿಟ್ಟು ಅಲ್ಲಿನ ನಮ್ಮವರಲ್ಲಿ ತುಂಬ ಇದೆ. ಕಾರಣ ತಿಳಿದರೆ ಸಿಟ್ಟು ಇಳಿಯದಿರಬಹುದು, ಗೊಂದಲ ಇಳಿಯುತ್ತದೆ. ಐರ್ಲೆಂಡ್‌ನ 2001ರ ಮಕ್ಕಳ ಕಾಯ್ದೆ 18 ವರ್ಷದೊಳಗಿನವರಿಗೆ ಬೇರೆ ದಾರಿ ಇಟ್ಟಿದೆ. ಹುಡುಗ ತಪ್ಪು ಒಪ್ಪಿಕೊಂಡರೆ, ಕೋರ್ಟಿಗೆ ಕಳಿಸುವ ಮುಂಚೆ ಎಚ್ಚರಿಕೆ, ಗಾರ್ಡಾ ಮೇಲ್ವಿಚಾರಣೆಯಂಥ ಕ್ರಮಗಳಲ್ಲಿ ತಿದ್ದಬಹುದಾ ಅಂತ ನೋಡುತ್ತಾರೆ. ಹೊರಗಿನಿಂದ ನೋಡಿದವರಿಗೆ ಏನೂ ನಡೆಯದ ಹಾಗೆ ಕಾಣುತ್ತದೆ. ಗಂಭೀರ ಅಪರಾಧವಾದರೆ ಕೋರ್ಟಿಗೂ ಹೋಗಬಹುದು.

## ಪೌರತ್ವಕ್ಕೆ ಐದು ವರ್ಷ, ಆದರೆ ಯಾವ ಐದು?

ಸಾಮಾನ್ಯ ಲೆಕ್ಕ ಇದು. ಕಳೆದ ಒಂಬತ್ತು ವರ್ಷಗಳಲ್ಲಿ ಒಟ್ಟು ಐದು ವರ್ಷ ಅಲ್ಲಿ ವಾಸವಿರಬೇಕು. ಅದರಲ್ಲಿ ಅರ್ಜಿ ಹಾಕುವ ಹಿಂದಿನ ಒಂದು ವರ್ಷ ಎಡೆಬಿಡದೆ ಇರಬೇಕು. ಎಡೆಬಿಡದೆ ಅಂದರೆ ಊರಿಗೇ ಬರಬಾರದು ಅಂತಲ್ಲ. ಆ ವರ್ಷದಲ್ಲಿ 70 ದಿನ ಹೊರಗಿರಬಹುದು. ತೀರಾ ಅನಿವಾರ್ಯವಾದರೆ ಇನ್ನೂ 30 ದಿನ ಪರಿಗಣಿಸಬಹುದು ಅಂತ 2023ರಲ್ಲಿ ತಿದ್ದುಪಡಿ ಆಯಿತು. ಐರಿಷ್ ಪ್ರಜೆಯನ್ನು ಮದುವೆಯಾದವರಿಗೆ ಮೂರು ವರ್ಷ.

ಜನ ಎಡವುವುದು ಎಣಿಕೆಯಲ್ಲಿ. ಸ್ಟ್ಯಾಂಪ್ 2ರಲ್ಲಿ ಓದಿದ ವರ್ಷಗಳು ಲೆಕ್ಕಕ್ಕಿಲ್ಲ. ಕಾರ್ಡು ನವೀಕರಿಸದೆ ಬಿಟ್ಟುಹೋದ ದಿನಗಳೂ ಇಲ್ಲ. ಅರ್ಜಿಗೆ 175 ಯೂರೊ, ಮಂಜೂರಾದ ಮೇಲೆ ಪ್ರಮಾಣಪತ್ರಕ್ಕೆ 950 ಯೂರೊ. ಬ್ರಿಟನ್ನಿನ ಹಾಗೆ ಭಾಷೆ, ಇತಿಹಾಸದ ಪರೀಕ್ಷೆ ಇಲ್ಲ. ಎಲ್ಲ ಷರತ್ತೂ ಪೂರೈಸಿದರೂ ಕೊನೆಯ ಮಾತು ಮಂತ್ರಿಯದ್ದು. 1956ರ ಕಾಯ್ದೆ ಇದನ್ನು ಅವರ ಸಂಪೂರ್ಣ ವಿವೇಚನೆಗೆ ಬಿಟ್ಟಿದೆ. ಕೊನೆಗೆ ಒಂದು ಸಮಾರಂಭ. ದೊಡ್ಡ ಸಭಾಂಗಣದಲ್ಲಿ ನೂರಾರು ಜನ ಒಟ್ಟಿಗೆ ನಿಂತು ನಿಷ್ಠೆಯ ಪ್ರತಿಜ್ಞೆ ಮಾಡುತ್ತಾರೆ.

ಐರ್ಲೆಂಡ್ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಐರಿಷ್ ಪೌರತ್ವ ಸಿಕ್ಕ ಕ್ಷಣಕ್ಕೆ ಭಾರತದ್ದು ಹೋಗುತ್ತದೆ. ಹಳೇ ಪಾಸ್‌ಪೋರ್ಟನ್ನು ಒಪ್ಪಿಸಬೇಕು, ಅದರ ಮೇಲೆ ಪ್ರಯಾಣ ಮಾಡಿದರೆ ಅಪರಾಧ. ಬದಲಿಗೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಸಿಗುತ್ತದೆ. ಬಂದು ಹೋಗಲು, ಇರಲು ವೀಸಾ ಬೇಡ. ಮತ ಹಾಕುವ ಹಾಗಿಲ್ಲ. ಊರಲ್ಲಿ ತೋಟ, ಗದ್ದೆ ಕೊಳ್ಳುವ ಹಾಗೂ ಇಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಎಷ್ಟೋ ಜನ ಅರ್ಜಿಯನ್ನು ವರ್ಷಗಟ್ಟಲೆ ಮುಂದೂಡುವುದು ಈ ಒಂದು ಕಾರಣಕ್ಕೇ ಇರಬೇಕು.

ಮಗು ಅಲ್ಲಿ ಹುಟ್ಟಿದರೆ ತಾನಾಗೇ ಐರಿಷ್ ಅಲ್ವಾ? 2004ರವರೆಗೆ ಹೌದು. ಆ ವರ್ಷ ಜನಮತ ನಡೆದು ನಿಯಮ ಬದಲಾಯಿತು. 2005ರ ಜನವರಿ 1ರಿಂದ, ನಮ್ಮಂಥ ದೇಶಗಳವರ ಮಗು ಹುಟ್ಟಿನಿಂದಲೇ ಐರಿಷ್ ಆಗಬೇಕಾದರೆ ತಂದೆ ಅಥವಾ ತಾಯಿ ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಅಲ್ಲಿ ಲೆಕ್ಕಕ್ಕೆ ಬರುವಂತೆ ವಾಸವಿರಬೇಕು. ಇಲ್ಲದಿದ್ದರೆ ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿಬಿಡಿ. ಮರೆತರೆ ಆಮೇಲೆ ಓಡಾಟ ತಪ್ಪದು.

## ಮತ

2012ರ ಅಕ್ಟೋಬರ್ 28ರಂದು ಬೆಳಗಾವಿಯ ಸವಿತಾ ಹಾಲಪ್ಪನವರ್ ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾಗಿ ಗರ್ಭಪಾತ ಕೇಳಿದ್ದರು, ಸಿಗಲಿಲ್ಲ. ಆ ಸಾವು ಎಬ್ಬಿಸಿದ ಚಳವಳಿ 2018ರ ಮೇ 25ರ ಜನಮತದವರೆಗೆ ಬಂತು, ಸಂವಿಧಾನದಲ್ಲಿದ್ದ ಗರ್ಭಪಾತ ನಿಷೇಧ ಬಿದ್ದುಹೋಯಿತು. ಡಬ್ಲಿನ್‌ನ ಗೋಡೆಯೊಂದರ ಮೇಲೆ ಸವಿತಾ ಚಿತ್ರ ಬರೆದಿದ್ದರು. ಅದರ ಮುಂದೆ ಹಾದುಹೋದ ಭಾರತದ ಪಾಸ್‌ಪೋರ್ಟಿನವರು ಆ ದಿನ ಮತ ಹಾಕುವಂತಿರಲಿಲ್ಲ. ಜನಮತ, ಅಧ್ಯಕ್ಷರ ಚುನಾವಣೆ ಐರಿಷ್ ಪ್ರಜೆಗಳಿಗೆ ಮಾತ್ರ.

ಆದರೆ ಸ್ಥಳೀಯ ಸಂಸ್ಥೆಗಳ ಚುನಾವಣೆ ಹಾಗಲ್ಲ. ನಮ್ಮ ನಗರಸಭೆ, ಜಿಲ್ಲಾ ಪಂಚಾಯಿತಿಯಂಥ ಕೌನ್ಸಿಲ್‌ಗಳಿಗೆ ಅಲ್ಲಿ ವಾಸವಿರುವ 18 ತುಂಬಿದ ಯಾರು ಬೇಕಾದರೂ ಮತ ಹಾಕಬಹುದು. ಯಾವ ದೇಶದವರಾದರೂ ಸರಿ, ಯಾವ ಸ್ಟ್ಯಾಂಪಾದರೂ ಸರಿ. ಚುನಾವಣೆಗೆ ನಿಲ್ಲಲೂಬಹುದು. ಮತದಾರರ ಪಟ್ಟಿಯಲ್ಲಿ ಹೆಸರು ಮಾತ್ರ ಇರಬೇಕು, ಅದಕ್ಕೆ ಆನ್‌ಲೈನ್‌ನಲ್ಲೇ ನೋಂದಾಯಿಸಬಹುದು. ಕಳೆದ ಸಲ ಮತದಾನ ನಡೆದಿದ್ದು 2024ರ ಜೂನ್‌ನಲ್ಲಿ. ಐದು ವರ್ಷಕ್ಕೊಮ್ಮೆ ಬರುವ ಈ ಚುನಾವಣೆಯ ಮುಂದಿನ ಸರದಿ 2029ರಲ್ಲಿ.